ಕವಾಜು ಕಟ್ಟಿದ ಕಾಳಗವನ್ನು ನಾನೂ ಕಟ್ಟಿ ನೋಡಿದೆ

‘ಫೈನಲ್ ಫ್ಯಾಂಟಸಿ’ ಅನ್ನುವ ವೀಡಿಯೊ ಗೇಮ್ ಸರಣಿ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಅದನ್ನು ಹುಟ್ಟುಹಾಕಿದ ಹಿರೊನೊಬು ಸಕಾಗುಚಿ ಹೆಸರು. ಸಂಗೀತಕ್ಕೆ ಉಎಮಾತ್ಸು, ಚಿತ್ರಕ್ಕೆ ಅಮಾನೊ. ಆದರೆ 1987ರ ಡಿಸೆಂಬರಿನಲ್ಲಿ ಜಪಾನಿನ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ಬಂದ ಆ ಮೊದಲ ಆಟದಲ್ಲಿ ನಾವು ಜಾಸ್ತಿ ಹೊತ್ತು ಕಳೆಯುವುದು ಕಾಳಗದಲ್ಲಿ ಅಲ್ವಾ? ಅದನ್ನು ರೂಪಿಸಿದವರು ಅಕಿತೋಶಿ ಕವಾಜು. ಗೇಮ್ ಮಾಡುವವರಲ್ಲೂ ಎಷ್ಟೋ ಜನ ಈ ಹೆಸರು ಕೇಳಿಲ್ಲ.

ನಾನು ಬಿಡುವಾದಾಗ ಸಣ್ಣಪುಟ್ಟ ಗೇಮ್ ಬರೆಯುವವನು. ಕವಾಜು ಏನು ಮಾಡಿದ್ದಾರೆ ಅಂತ ತಿಳಿಯಲು ಸುಮ್ನೆ ಆಡಿದರೆ ಸಾಲದು, ಅದೇ ಕಾಳಗವನ್ನು ಕಟ್ಟಬೇಕು ಅನ್ನಿಸಿತು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಶುರು ಮಾಡಿದೆ. ಚಿತ್ರ ಇಲ್ಲ, ಸದ್ದಿಲ್ಲ, ಬರೀ ಅಂಕಿ. ಹಳೇ ಕಾರ್ಟ್ರಿಜ್‌ನ ಕೋಡನ್ನು ಅಭಿಮಾನಿಗಳು ಬಿಡಿಸಿಟ್ಟಿದ್ದಾರೆ, ಹಾಗಾಗಿ ಸೂತ್ರಗಳಿಗೆ ಪರದಾಡಲಿಲ್ಲ.

ಹೊಡೆತದ ಲೆಕ್ಕ ಸರಳ. ಬಲ 20 ಇದ್ದರೆ 20ರಿಂದ 40ರ ನಡುವಿನ ಒಂದು ಸಂಖ್ಯೆ ಬೀಳುತ್ತದೆ, ಅದರಲ್ಲಿ ಎದುರಾಳಿಯ ರಕ್ಷಣೆ ಕಳೆಯಬೇಕು. ಒಂದೇ ಸರದಿಯಲ್ಲಿ ಹಲವು ಏಟು ಬೀಳಬಹುದು. ಆದರೆ ಪ್ರತಿ ಏಟಿಗೂ ರಕ್ಷಣೆ ಮತ್ತೆ ಕಳೆಯುತ್ತದೆ. ಗಟ್ಟಿ ಕವಚದ ಮುಂದೆ ಹತ್ತು ಸಣ್ಣ ಏಟಿಗಿಂತ ಒಂದು ದೊಡ್ಡ ಏಟೇ ಮೇಲು ಅನ್ನುವುದು ಇದರಿಂದ ತಾನಾಗಿಯೇ ಬರುತ್ತದೆ. ಅದಕ್ಕೆ ಬೇರೆ ನಿಯಮ ಬರೆಯಬೇಕಿಲ್ಲ.

ಗೆಳೆಯರಿಗೆ ಆಡಲು ಕೊಟ್ಟಾಗ ಮೊದಲ ದೂರು ಬೇರೆಯೇ ಇತ್ತು. ಮೂಲ ಆಟದಲ್ಲಿ ನಮ್ಮ ಕಡೆಯ ನಾಲ್ವರು ವೀರರಿಗೂ ಮೊದಲೇ ಆದೇಶ ಕೊಡಬೇಕು. ಇಬ್ಬರು ಒಂದೇ ರಾಕ್ಷಸನಿಗೆ ಗುರಿಯಿಟ್ಟು, ಮೊದಲಿನವನೇ ಕೊಂದುಬಿಟ್ಟರೆ ಎರಡನೆಯವನ ಏಟು ದಂಡ. “ಸತ್ತವನಿಗೆ ಯಾಕೋ ಹೊಡೀತಾನೆ ಇವ್ನು?” ಅಂತ ಒಬ್ಬ ರೇಗಿದ. ನಾನು ಬದಲಾಯಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಯಾರಿಗೆ ಎಷ್ಟು ಪ್ರಾಣ ಉಳಿದಿರಬಹುದು ಅಂತ ಅಂದಾಜು ಹಾಕಿ ಏಟು ಹಂಚತೊಡಗಿದ. ಆಮೇಲಿನ ಮರುರೂಪಗಳಲ್ಲಿ ಏಟು ತಾನೇ ಮುಂದಿನ ರಾಕ್ಷಸನಿಗೆ ಹೋಗುತ್ತದೆ. ಆಡಲು ಹಾಯಾಗಿದೆ, ಯೋಚಿಸುವ ಕೆಲಸ ಹೋಯಿತು.

ನನಗೆ ತುಂಬಾ ಹಿಡಿಸಿದ್ದು ಮಂತ್ರಗಳ ಲೆಕ್ಕ. ಕವಾಜು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನುವ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದ ಅಭಿಮಾನಿ. ಅದರ ಹಾಗೆಯೇ ಇಲ್ಲೂ ಮಂತ್ರಶಕ್ತಿ ಒಂದೇ ರಾಶಿಯಲ್ಲಿಲ್ಲ. ಎಂಟು ಹಂತ, ಪ್ರತಿ ಹಂತಕ್ಕೂ ಪ್ರತ್ಯೇಕವಾಗಿ ಇಂತಿಷ್ಟು ಸಲ, ಹೆಚ್ಚೆಂದರೆ 9. ಗುಹೆಯೊಳಗೆ ಅದನ್ನು ತುಂಬಿಕೊಳ್ಳಲು ದಾರಿಯಿಲ್ಲ. ಹೋಲಿಸಲೆಂದು ನಾನು ಎರಡು ಬಗೆ ಮಾಡಿದೆ. ಒಂದೇ ರಾಶಿ ಕೊಟ್ಟಾಗ ಎಲ್ಲರೂ ದೊಡ್ಡ ಬೆಂಕಿ ಮಂತ್ರವನ್ನೇ ಉಡಾಯಿಸಿದರು, ಸಣ್ಣದನ್ನು ಮುಟ್ಟಲೇ ಇಲ್ಲ. ಹಂತ ಬೇರೆ ಮಾಡಿದ ಕೂಡಲೇ ಸಣ್ಣ ಮಂತ್ರಕ್ಕೂ ಬೆಲೆ ಬಂತು. ದೊಡ್ಡದನ್ನು ಕೊನೆಯವರೆಗೆ ಜತನ ಮಾಡಿಕೊಂಡು, ದಾರಿಯ ಪುಂಡರಿಗೆ ಸಣ್ಣದೇ ಸಾಕು ಅಂದರು. ಅಂದರೆ ಕವಾಜು ಬರೀ ಒಂದೊಂದು ಕಾಳಗವನ್ನಲ್ಲ, ಇಡೀ ಗುಹೆಯನ್ನೇ ಒಂದು ಲೆಕ್ಕವಾಗಿ ಹೆಣೆದಿದ್ದರು. 2004ರ ಗೇಮ್ ಬಾಯ್ ಅಡ್ವಾನ್ಸ್ ರೂಪದಲ್ಲಿ ಒಂದೇ ರಾಶಿ ಮಾಡಿದರು. 2021ರ ರೂಪದಲ್ಲಿ ಮತ್ತೆ ಹಂತಗಳೇ ಬಂದವು. ಸದ್ಯ!

ಒಂದು ತಮಾಷೆಯೂ ಸಿಕ್ಕಿತು. ಮೂಲ ಆಟದ ತೆರೆಯ ಮೇಲೆ ಬುದ್ಧಿಶಕ್ತಿಗೆ ಅಂಕಿ ತೋರಿಸುತ್ತಾರೆ, ಆದರೆ ಮಂತ್ರದ ಲೆಕ್ಕದಲ್ಲಿ ಕೋಡು ಅದನ್ನು ನೋಡುವುದೇ ಇಲ್ಲ! ನನ್ನದರಲ್ಲಿ ಜೋಡಿಸಿ ನೋಡಿದೆ. ಮಾಟಗಾರ ವಿಪರೀತ ಬಲಿತುಬಿಟ್ಟ. ಕಿತ್ತುಹಾಕಿದೆ.

ಈಗ 1988ರ ಎರಡನೇ ಆಟಕ್ಕೆ ಕೈ ಹಾಕಿದ್ದೇನೆ. ಅಲ್ಲಿ ಕವಾಜು ಕಾಳಗ ಗೆದ್ದಂತೆ ಏರುವ ಲೆವೆಲ್ಲನ್ನೇ ತೆಗೆದುಹಾಕಿದರು. ಕತ್ತಿ ಬೀಸಿದರೆ ಕತ್ತಿಯ ಪಳಗು ಏರುತ್ತದೆ, ಏಟು ತಿಂದರೆ ಪ್ರಾಣ ಹೆಚ್ಚುತ್ತದೆ. ಮುಂದೆ ‘ಸಾಗಾ’ ಸರಣಿಯಲ್ಲಿ ಅವರು ಇದೇ ಜಾಡು ಹಿಡಿದರು. ಆಡುವವರು ಏನು ಕಡಿಮೆಯೇ? ತಮ್ಮವರನ್ನು ತಾವೇ ಬಡಿದು ಪ್ರಾಣ ಹೆಚ್ಚಿಸಿಕೊಂಡರು. ನನ್ನದರಲ್ಲಿ ಆ ತೂತು ಮುಚ್ಚಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಬಿಡುವ ಆಸೆಯೇ ಜಾಸ್ತಿ.