ಜಾಂಗೋ ವೆಬ್‌ಸೈಟ್‌ಗೆ ಅಕ್ಸೆಪ್ಟೆನ್ಸ್ ಟೆಸ್ಟ್: ಶುರು ಮಾಡುವುದು ಹೀಗೆ

ಊರಿನ ಲೈಬ್ರರಿಗೆ ಪೈಥಾನ್ ಭಾಷೆ, ಅದರ ವೆಬ್ ಫ್ರೇಮ್‌ವರ್ಕ್ ಜಾಂಗೋ ಬಳಸಿ ವೆಬ್‌ಸೈಟ್ ಮಾಡಿದ್ದೀರಿ ಅಂದುಕೊಳ್ಳಿ. ಸದಸ್ಯರು ಲಾಗಿನ್ ಆಗಿ, ಪುಸ್ತಕ ಹುಡುಕಿ, ಕಾಯ್ದಿರಿಸಬೇಕು. ಯುನಿಟ್ ಟೆಸ್ಟ್‌ಗಳೆಲ್ಲ (ಕೋಡ್‌ನ ಒಂದೊಂದು ಚೂರನ್ನು ಬಿಡಿಯಾಗಿ ಪರೀಕ್ಷಿಸುವವು) ಪಾಸ್. ಆದರೂ ‘ಕಾಯ್ದಿರಿಸಿ’ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ನೋಡಿದರೆ, ಯಾರೋ ಜಾವಾಸ್ಕ್ರಿಪ್ಟ್ ಫೈಲಿನ ಹೆಸರು ಬದಲಿಸಿದ್ದಾರೆ. ಇಂಥದ್ದನ್ನು ಹಿಡಿಯುವುದು ಅಕ್ಸೆಪ್ಟೆನ್ಸ್ ಟೆಸ್ಟ್. ಅದು ನಿಜವಾದ ಬ್ರೌಸರ್ ತೆರೆದು, ಸದಸ್ಯರು ಮಾಡುವ ಕೆಲಸವನ್ನು ತಾನೇ ಮಾಡಿ ನೋಡುತ್ತದೆ.

ಮೊದಲು ಕೋಡ್ ಮುಟ್ಟಬೇಡಿ. ಒಂದು ಕಾಗದದಲ್ಲಿ ಬರೆಯಿರಿ: ‘ಲಾಗಿನ್ ಆದ ಸದಸ್ಯರು ಪುಸ್ತಕ ಕಾಯ್ದಿರಿಸಿದರೆ ಅದು ನನ್ನ ಪುಸ್ತಕಗಳು ಪುಟದಲ್ಲಿ ಕಾಣಬೇಕು.’ ಅದನ್ನು ಲೈಬ್ರರಿಯವರಿಗೆ ಓದಿ ಹೇಳಿ. ಅವರು ಹೌದು ಅಂದರೆ ಅದೇ ನಿಮ್ಮ ಮೊದಲ ಟೆಸ್ಟ್. ಇಂಥವು ಐದಾರು ಸಾಕು. ಬ್ರೌಸರ್ ಟೆಸ್ಟ್‌ಗಳು ನಿಧಾನ; ತಪ್ಪು ಪಾಸ್‌ವರ್ಡ್‌ನ ಎಲ್ಲ ಬಗೆಗಳನ್ನೂ ಇಲ್ಲಿ ತುಂಬಲು ಹೋಗಬೇಡಿ, ಅದು ಯುನಿಟ್ ಟೆಸ್ಟ್‌ನ ಕೆಲಸ.

ಇನ್ನು ಬ್ರೌಸರನ್ನು ಕೋಡ್‌ನಿಂದ ಓಡಿಸುವ ಸಲಕರಣೆ. 2004ರಲ್ಲಿ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಹುಟ್ಟಿದ ಸೆಲೆನಿಯಂ ಈಗಲೂ ಚೆನ್ನಾಗಿಯೇ ಓಡುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಮೈಕ್ರೋಸಾಫ್ಟ್‌ನ ಪ್ಲೇರೈಟ್. ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪ್ರಾಜೆಕ್ಟ್‌ಗೇ ಮೀಸಲಾದ ಪೈಥಾನ್ ಜಾಗ) ಒಳಗೆ, ಪ್ಯಾಕೇಜ್ ಹಾಕುವ ಪಿಪ್ ಬಳಸಿ, ಟೆಸ್ಟ್ ಓಡಿಸುವ ಪೈಟೆಸ್ಟ್‌ನ ಪ್ಲಗಿನ್‌ಗಳಾದ ಪೈಟೆಸ್ಟ್-ಜಾಂಗೋ, ಪೈಟೆಸ್ಟ್-ಪ್ಲೇರೈಟ್ ಎರಡನ್ನೂ ಹಾಕಿಕೊಳ್ಳಿ. ಆಮೇಲೆ ‘ಪ್ಲೇರೈಟ್ ಇನ್‌ಸ್ಟಾಲ್ ಕ್ರೋಮಿಯಂ’ ಅಂತ ಕೊಡಿ. ಬ್ರೌಸರ್ ಡೌನ್‌ಲೋಡ್ ಆಗುವುದು ಈ ಕಮಾಂಡ್‌ನಿಂದಲೇ. ಪೈಟೆಸ್ಟ್‌ನ ಸೆಟ್ಟಿಂಗ್ ಫೈಲಿನಲ್ಲಿ ಜಾಂಗೋ ಸೆಟ್ಟಿಂಗ್ಸ್ ಎಲ್ಲಿದೆ ಅಂತ ತಿಳಿಸಿದರೆ ತಯಾರಿ ಮುಗಿಯಿತು.

ಟೆಸ್ಟ್ ಫಂಕ್ಷನ್‌ಗೆ ಎರಡು ಫಿಕ್ಸ್‌ಚರ್ (ಟೆಸ್ಟ್‌ಗೆ ಬೇಕಾದ್ದನ್ನು ಪೈಟೆಸ್ಟ್ ಸಿದ್ಧಮಾಡಿ ಕೊಡುವುದು) ಬೇಕು: ‘ಪೇಜ್’ ಮತ್ತು ‘ಲೈವ್ ಸರ್ವರ್’. ಮೊದಲನೆಯದು ಬ್ರೌಸರ್‌ನ ಟ್ಯಾಬ್. ಎರಡನೆಯದು ನಿಮ್ಮ ಸೈಟನ್ನು ಟೆಸ್ಟ್ ಡೇಟಾಬೇಸ್ ಜೊತೆ ಬೇರೊಂದು ಥ್ರೆಡ್‌ನಲ್ಲಿ (ಅದೇ ಪ್ರೋಗ್ರಾಮ್‌ನೊಳಗೆ ಜೊತೆಜೊತೆಗೆ ಸಾಗುವ ಇನ್ನೊಂದು ಎಳೆ) ಓಡಿಸುತ್ತದೆ. ಅಸಲಿ ಡೇಟಾಗೆ ಏನೂ ಆಗುವುದಿಲ್ಲ. ಆದರೆ ಜಾಸ್ತಿ ಜನ ಎಡವುವುದೂ ಇಲ್ಲೇ. ಬೇರೆ ಥ್ರೆಡ್‌ಗೆ ಕಾಣಬೇಕಾದರೆ ದಾಖಲೆಗಳು ನಿಜವಾಗಿಯೂ ಕಮಿಟ್ ಆಗಬೇಕು (ಡೇಟಾಬೇಸ್‌ನಲ್ಲಿ ಕಾಯಂ ಆಗಿ ಉಳಿಯಬೇಕು), ಅಲ್ವಾ? ಹಾಗಾಗಿ ಸುಮ್ನೆ ರೋಲ್‌ಬ್ಯಾಕ್ (ಕಮಿಟ್ ಆಗದ ಬದಲಾವಣೆ ರದ್ದು) ಮಾಡಿದರೆ ಸಾಲದು. ಪ್ರತಿ ಟೆಸ್ಟ್ ಮುಗಿದ ಮೇಲೆ ಟೇಬಲ್‌ಗಳನ್ನೇ ಖಾಲಿ ಮಾಡಲಾಗುತ್ತದೆ. ಪುಸ್ತಕ ವಿಭಾಗಗಳ ಪಟ್ಟಿಯನ್ನು ಮೈಗ್ರೇಷನ್‌ನಲ್ಲಿ (ಡೇಟಾಬೇಸ್ ರಚನೆ ಬದಲಿಸುವ ಜಾಂಗೋ ಫೈಲ್) ತುಂಬಿಸಿದ್ದರೆ, ಎರಡನೇ ಟೆಸ್ಟ್ ಹೊತ್ತಿಗೆ ಅದೂ ಮಾಯ! ಸದಸ್ಯ, ಪುಸ್ತಕ, ವಿಭಾಗ ಎಲ್ಲವನ್ನೂ ಟೆಸ್ಟ್‌ನ ಶುರುವಿನಲ್ಲೇ ಹೊಸದಾಗಿ ಸೃಷ್ಟಿಸಿ.

‘ಸಿಂಕ್ರೋನಸ್ ಓನ್ಲಿ ಆಪರೇಷನ್’ ಎಂಬ ಎರರ್ ಬಂದರೆ ಗಾಬರಿ ಬೇಡ. ಪ್ಲೇರೈಟ್ ಒಳಗೊಳಗೇ ಅಸಿಂಕ್ ಲೂಪ್ (ಒಂದಕ್ಕೊಂದು ಕಾಯದೆ ಹಲವು ಕೆಲಸ ಸಾಗಿಸುವ ಸುತ್ತು) ಓಡಿಸುವುದರಿಂದ ಜಾಂಗೋ ತಕರಾರು ತೆಗೆಯುತ್ತದೆ. ‘ಜಾಂಗೋ ಅಲೋ ಅಸಿಂಕ್ ಅನ್‌ಸೇಫ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಟೆಸ್ಟ್‌ಗೆ ಮಾತ್ರ ಆನ್ ಮಾಡಿ. ಅಸಲಿ ಸರ್ವರ್‌ನಲ್ಲಿ ಖಂಡಿತ ಬೇಡ.

ಬಟನ್ ಹುಡುಕಲು ಸಿಎಸ್ಎಸ್ ಕ್ಲಾಸ್ (ಅಂದಚಂದಕ್ಕಾಗಿ ಕೋಡ್‌ನಲ್ಲಿ ಕೊಡುವ ಹೆಸರು) ಬಳಸಬೇಡಿ. ಡಿಸೈನ್ ಬದಲಾದ ದಿನವೇ ಟೆಸ್ಟ್ ಮುರಿಯುತ್ತದೆ. ‘ಗೆಟ್ ಬೈ ಲೇಬಲ್’, ‘ಗೆಟ್ ಬೈ ರೋಲ್’ ಬಳಸಿ, ಕಣ್ಣಿಗೆ ಕಾಣುವ ಹೆಸರಿನಿಂದಲೇ ಹುಡುಕಿ. ಕನ್ನಡ ಸೈಟ್‌ಗಳಲ್ಲಿ ಒಂದು ಎಚ್ಚರಿಕೆ. ‘ಲಾಗಿನ್‌ ಆಗಿ’, ‘ಲಾಗಿನ್ ಆಗಿ’ ನೋಡಲು ಒಂದೇ ಥರ. ಆದರೆ ಮೊದಲನೆಯದರಲ್ಲಿ ‘ನ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ: ಝೀರೋ ವಿಡ್ತ್ ನಾನ್ ಜಾಯಿನರ್. ಪುಟದ ಟೆಂಪ್ಲೇಟ್ ಫೈಲಿನಲ್ಲಿ ಒಂದು, ಟೆಸ್ಟ್‌ನಲ್ಲಿ ಇನ್ನೊಂದು ಇದ್ದರೆ ಬಟನ್ ಸಿಗುವುದಿಲ್ಲ. ಕಾರಣ ಹುಡುಕುತ್ತಾ ಮಧ್ಯಾಹ್ನವೇ ಕಳೆದುಹೋಗಬಹುದು. ಹೊಸದಾಗಿ ಟೈಪ್ ಮಾಡುವ ಬದಲು ಟೆಂಪ್ಲೇಟ್‌ನಿಂದಲೇ ಕಾಪಿ ಮಾಡಿ.

ಪುಟ ಲೋಡ್ ಆಗಲಿ ಅಂತ ಮಧ್ಯೆ ‘ಸ್ಲೀಪ್’ ಹಾಕಬೇಡಿ. ಪುಟದಲ್ಲಿ ಇದು ಕಾಣಬೇಕು ಎಂದು ಪರೀಕ್ಷಿಸುವ ‘ಎಕ್ಸ್‌ಪೆಕ್ಟ್’ ಬಳಸಿದರೆ ಪ್ಲೇರೈಟ್ ತಾನಾಗಿಯೇ 5 ಸೆಕೆಂಡ್‌ವರೆಗೆ ಕಾಯುತ್ತದೆ. ಪುಸ್ತಕ ಬೇಗ ಕಂಡರೆ ಬೇಗ ಮುಂದೆ ಹೋಗುತ್ತದೆ.

ಟೆಸ್ಟ್ ಪಾಸ್ ಆಯಿತೇ? ಈಗ ಬೇಕಂತಲೇ ಸೈಟ್ ಕೆಡಿಸಿ. ಆ ಜಾವಾಸ್ಕ್ರಿಪ್ಟ್ ಫೈಲಿನ ಸಾಲು ತೆಗೆದು ಮತ್ತೆ ಓಡಿಸಿ. ಆಗಲೂ ಪಾಸ್ ಆದರೆ ಆ ಟೆಸ್ಟ್ ಏನನ್ನೂ ನೋಡುತ್ತಿಲ್ಲ ಅಂತರ್ಥ.

ಕೊನೆಗೆ, ಪ್ರತಿ ಪುಶ್‌ಗೂ (ಕೋಡನ್ನು ಗಿಟ್‌ಹಬ್‌ಗೆ ಕಳಿಸಿದಾಗಲೆಲ್ಲ) ಇದು ತಾನಾಗಿಯೇ ಓಡುವಂತೆ, ಇಂಥ ಕೆಲಸಕ್ಕೆಂದೇ ಇರುವ ಗಿಟ್‌ಹಬ್ ಆಕ್ಷನ್ಸ್‌ಗೆ ಸೇರಿಸಿ. ಅಲ್ಲಿ ಬ್ರೌಸರ್ ಹಾಕುವಾಗ ‘ವಿತ್ ಡೆಪ್ಸ್’ ಆಯ್ಕೆಯೂ ಇರಲಿ, ಬೇಕಾದ ಲಿನಕ್ಸ್ ಲೈಬ್ರರಿಗಳೂ ಬರುತ್ತವೆ. ಟ್ರೇಸಿಂಗ್ ಅನ್ನು ‘ರಿಟೇನ್ ಆನ್ ಫೇಲ್ಯೂರ್’ಗೆ ಇಟ್ಟರೆ ಫೇಲಾದ ಟೆಸ್ಟ್‌ನ ಒಂದೊಂದು ಹೆಜ್ಜೆಯನ್ನೂ ಚಿತ್ರ ಸಮೇತ ನೋಡಬಹುದು. ಆ ಫೈಲನ್ನು ಅಪ್‌ಲೋಡ್ ಮಾಡುವ ಸ್ಟೆಪ್‌ಗೆ ‘ಆಲ್ವೇಸ್’ ಷರತ್ತು ಹಾಕಿ. ಇಲ್ಲದಿದ್ದರೆ ಟೆಸ್ಟ್ ಫೇಲಾದ ತಕ್ಷಣ ಉಳಿದ ಸ್ಟೆಪ್‌ಗಳು ನಿಂತು, ಫೈಲ್ ನಿಮ್ಮ ಕೈಗೇ ಸಿಗುವುದಿಲ್ಲ.