ಸಂಘದ ಸ್ಮರಣ ಸಂಚಿಕೆ: ಪುಟ ಕಟ್ಟುವುದು ಹೀಗೆ

ಗಣೇಶ ಚೌತಿ ಹತ್ತಿರ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಸ್ಮರಣ ಸಂಚಿಕೆಯ ಮಾತು ಏಳುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಅಂಥ ಹಿರಿಯ ಸಂಸ್ಥೆಗಳಿಂದ ಹಿಡಿದು ಮೀರಾರೋಡಿನಲ್ಲಿ ನಾಲ್ಕು ಕಟ್ಟಡಗಳವರು ಸೇರಿ ಕಟ್ಟಿಕೊಂಡ ಪುಟ್ಟ ಸಂಘದವರೆಗೆ ಕನ್ನಡದ ಬಳಗ ಇಲ್ಲಿ ದೊಡ್ಡದು. ಲೇಖನ, ಕವಿತೆ, ಜಾಹೀರಾತು ಎಲ್ಲ ಬಂದು ಸೇರಿದ ಮೇಲೆ ಕಾರ್ಯದರ್ಶಿಗಳ ಫೋನ್ ಬರುತ್ತದೆ: "ಈ ಸಲ ಡಿಸೈನ್ ಸ್ವಲ್ಪ ಬೇರೆ ಥರ ಇರಲಿ ಮಾರಾಯ್ರೆ, ಪ್ರತಿ ವರ್ಷದ ಹಾಗೆ ಬೇಡ."

ಡೊಂಬಿವಲಿಯಲ್ಲಿ ಕೂತು ಬಹಳ ವರ್ಷಗಳಿಂದ ಇಂಥ ಸಂಚಿಕೆಗಳ ಪುಟ ಕಟ್ಟುತ್ತಿದ್ದೇನೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಯಾವ ಪುಟ ಬೇರೆ ಥರ ಇರಬೇಕು, ಯಾವುದು ಹಳೆಯ ಹಾಗೆಯೇ ಇರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಈ ವರ್ಷ ಮೊದಲ ಸಲ ಈ ಕೆಲಸ ಹೊತ್ತುಕೊಂಡವರಿಗಾಗಿ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದ ಮಡಚಿ

ಕಂಪ್ಯೂಟರ್ ಆಮೇಲೆ ತೆರೆಯಿರಿ. ನಾಲ್ಕು ಎ4 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಚಿದರೆ 16 ಪುಟಗಳ ಪುಟ್ಟ ಡಮ್ಮಿ, ಅಂದರೆ ಮಾದರಿ ಸಂಚಿಕೆ, ಸಿದ್ಧ. ಪೆನ್ಸಿಲಿನಿಂದ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಯಾವ ಲೇಖನ ಎಲ್ಲಿ, ಯಾವ ಜಾಹೀರಾತು ಎಲ್ಲಿ ಎಂದು ಬರೆಯಿರಿ. ನಡುವೆ ಪಿನ್ ಹೊಡೆಯುವ ಸಂಚಿಕೆಯ ಪುಟಗಳು ನಾಲ್ಕರಿಂದ ಭಾಗವಾಗಲೇಬೇಕು. 42 ಪುಟಕ್ಕಾಗುವಷ್ಟು ವಿಷಯವಿದ್ದರೆ 40ಕ್ಕೆ ಇಳಿಸಬೇಕು, ಇಲ್ಲವೇ 44ಕ್ಕೆ ಏರಿಸಬೇಕು.

ಇನ್ನೊಂದನ್ನೂ ಈ ಡಮ್ಮಿಯೇ ಕಲಿಸುತ್ತದೆ. 8 ಮತ್ತು 9ನೇ ಪುಟ ತೆರೆದು ನೋಡಿ: ಅಲ್ಲಿ ಎರಡೂ ಪುಟ ಒಂದೇ ಹಾಳೆ. ಒಳಗಿನ ಬೇರೆಲ್ಲ ಜೋಡಿ ಪುಟಗಳು ಎರಡು ಬೇರೆ ಹಾಳೆಗಳ ಅರ್ಧಗಳು. ಅವುಗಳ ಮೇಲೆ ಅಡ್ಡಲಾಗಿ ದೊಡ್ಡ ಚಿತ್ರ ಹಾಸಿದರೆ ಮಡಚುವಾಗ ಕೂದಲೆಳೆಯಷ್ಟು ಸರಿದರೂ ಮುಖವೊಂದು ಎರಡು ಸೀಳಾಗಿ ಕಾಣುತ್ತದೆ. ಯಕ್ಷಗಾನ ಪ್ರದರ್ಶನದ ದೊಡ್ಡ ಫೋಟೋ ಇದ್ದರೆ ಅದಕ್ಕೆ ನಡುಪುಟವೇ ತಕ್ಕ ಜಾಗ.

ಕೈ ಹಚ್ಚಬಾರದ ಪುಟಗಳು

ಪದಾಧಿಕಾರಿಗಳ ಪಟ್ಟಿ, ಪರಿವಿಡಿ, ವಾರ್ಷಿಕ ವರದಿ, ಜಮಾ-ಖರ್ಚು, ದಾನಿಗಳ ಹೆಸರು. ಇಲ್ಲಿ ಹಳೆಯ ಪದ್ಧತಿ ಬಿಡಬೇಡಿ. ಸಂಚಿಕೆ ಕೈಗೆ ಬಂದ ಕೂಡಲೇ ಜನ ಹುಡುಕುವುದು ತಮ್ಮ ಮನೆಯವರ ಹೆಸರನ್ನು, ಮಗುವಿನ ನೃತ್ಯದ ಫೋಟೋವನ್ನು. ಪುಟಸಂಖ್ಯೆಯನ್ನು ಚೆಂದಕ್ಕೆಂದು ಒಳ ಅಂಚಿಗೆ ತಳ್ಳಿದರೆ ಪ್ರತಿಯೊಬ್ಬರೂ ಸಂಚಿಕೆಯನ್ನು ಪೂರ್ತಿ ಬಿಡಿಸಿ ನೋಡಬೇಕಾಗುತ್ತದೆ. ಅದು ಹೊರ ಅಂಚಿನಲ್ಲೇ ಇರಲಿ. ಪರಿವಿಡಿ ಬಲಪುಟದಲ್ಲಿರಲಿ. ಓದುಗರಿಗೆ ರೂಢಿಯಾದ ಜಾಗದಲ್ಲೇ ವಸ್ತುವನ್ನಿಡುವುದು ಮನೆಗೆ ಬಂದವರಿಗೆ ನೀರು ಕೊಟ್ಟಷ್ಟೇ ಸಹಜವಾದ ಮರ್ಯಾದೆ.

ಕನ್ನಡದ ಅಕ್ಷರಕ್ಕೆ ಜಾಗ ಬೇಕು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಇಂಗ್ಲಿಷ್ ಪತ್ರಿಕೆಯ ಮಾದರಿಯೊಂದನ್ನು ತಂದು ಅದರೊಳಗೆ ಕನ್ನಡ ಸುರಿದುಬಿಡುತ್ತಾರೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಏತ್ವಗಳಿವೆ, ಕೆಳಗೆ ಒತ್ತು, ವಟ್ರಸುಳಿಗಳಿವೆ. 'ಸ್ತ್ರೀ' ಎಂದು ದೊಡ್ಡದಾಗಿ ಬರೆದು ನೋಡಿ. 'ಸ'ದ ಕೆಳಗೆ ತ ಒತ್ತು, ಅದರ ಜೊತೆಗೇ ರ ಒತ್ತು ಸುತ್ತಿಕೊಂಡಿರುತ್ತದೆ. ಸಾಲಿನ ಅಂತರ ಬಿಗಿಯಾದರೆ ಈ ಒತ್ತು ಕೆಳಸಾಲಿನ 'ಕಿ'ಯ ಗುಡಿಸಿಗೆ ತಗುಲಿ, ಎರಡೂ ಸೇರಿ ಮೂರನೆಯ ಅಕ್ಷರವೊಂದು ಹುಟ್ಟಿದಂತೆ ಕಾಣುತ್ತದೆ. 11 ಪಾಯಿಂಟಿನ ಅಕ್ಷರಕ್ಕೆ 16 ಅಥವಾ 17 ಪಾಯಿಂಟ್ ಅಂತರ ಕೊಡುವುದು ನನ್ನ ಲೆಕ್ಕ. ಓದುಗರಲ್ಲಿ ಹಿರಿಯರು ಹೆಚ್ಚಿದ್ದರೆ 12ಕ್ಕೆ 18. ಕನ್ನಡವನ್ನು ನಿಧಾನವಾಗಿ ಕೂಡಿಸಿಕೊಂಡು ಓದುವ ಮುಂಬಯಿಯ ನಮ್ಮ ಮಕ್ಕಳಿಗೂ ಈ ಗಾಳಿ ಬೇಕು.

ಎ4 ಪುಟವನ್ನು ಮೂರು ಕಾಲಂ ಮಾಡಿದರೆ ಒಂದೊಂದಕ್ಕೆ ಸುಮಾರು 54 ಮಿ.ಮೀ. ಸಿಗುತ್ತದೆ. 'ನೋಡಿಕೊಳ್ಳಬೇಕಾಗಿದ್ದರಿಂದ' ಎಂಬಂಥ ಉದ್ದದ ಮಾತು ಅಲ್ಲಿ ಸಾಲಿನ ಬಹುಪಾಲನ್ನು ತಾನೇ ನುಂಗುತ್ತದೆ. ಎರಡೂ ಅಂಚು ಸಮಮಾಡಲು ಹೊರಟರೆ ಉಳಿದ ಪದಗಳ ನಡುವೆ ಬಿಳಿ ಕಂದಕ ಬೀಳುತ್ತದೆ. ಎರಡು ಕಾಲಂ ಸಾಕು. ಆಗಲೂ ಕಂದಕ ಕಂಡರೆ ಎಡ ಅಂಚನ್ನು ಮಾತ್ರ ಸಮವಾಗಿಟ್ಟು ಬಲವನ್ನು ಬಿಟ್ಟುಬಿಡಿ. ಒತ್ತಿ ಹೇಳಬೇಕಾದ ಮಾತಿಗೆ ಅಕ್ಷರವನ್ನು ಓರೆ ಮಾಡಬೇಡಿ. ಕನ್ನಡದ ದುಂಡಗಿನ ಅಕ್ಷರ ಓರೆಯಾದರೆ ಜಾರಿಬಿದ್ದಂತಿರುತ್ತದೆ. ದಪ್ಪ ಮಾಡಿ, ಸಾಕು.

ಫಾಂಟ್ ಎರಡೇ ಇರಲಿ. ಒಳಗಿನ ಬರಹಕ್ಕೆ ನೋಟೋ ಸೆರಿಫ್ ಕನ್ನಡ ಚೆನ್ನಾಗಿ ಓದಿಸಿಕೊಳ್ಳುತ್ತದೆ. ತಲೆಬರಹಕ್ಕೆ ನಮ್ಮ ಮುಂಬಯಿಯದೇ ಏಕ್ ಟೈಪ್ ಸಂಸ್ಥೆ ರೂಪಿಸಿದ ಬಾಲೂ ತಮ್ಮ, ಅನೇಕ್ ಕನ್ನಡ ಫಾಂಟ್‌ಗಳಿವೆ. ಅನೇಕ್‌ನಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಬದಲಿಸಬಹುದು. ಇವೆಲ್ಲ ಉಚಿತ.

ಲೇಖನಗಳು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲೋ, ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿಯಲ್ಲೋ ಟೈಪ್ ಆಗಿ ಬಂದಿದ್ದರೆ ಮೊದಲು ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಪುಟ ಕಟ್ಟಲು ಇನ್‌ಡಿಸೈನ್ ತಂತ್ರಾಂಶ ಬಳಸುವವರು ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಉದುರುತ್ತವೆ. ಖರ್ಚಿಲ್ಲದೆ ಮಾಡುವವರಿಗೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶ ಇದೆ. 1.5.3 ಅಥವಾ ಅದಕ್ಕಿಂತ ಈಚಿನ ಆವೃತ್ತಿ ಹಾಕಿಕೊಳ್ಳಿ.

ಬೇರೆ ಥರ ಆಗಬೇಕಾದದ್ದು

ಇಷ್ಟು ಕಟ್ಟಾದ ಮೇಲೆ ಕಲ್ಪನೆಗೆ ಜಾಗ ಹುಡುಕಿ. ಸಂಚಿಕೆಗೆ ಒಂದು, ಹೆಚ್ಚೆಂದರೆ ಎರಡು ಕಡೆ. ಬರಹವನ್ನು ಪೂರ್ತಿ ಓದದೆ ಆ ಜಾಗ ಗೊತ್ತಾಗುವುದಿಲ್ಲ. ಮೂಲೆಯಲ್ಲಿ ಹೂಬಳ್ಳಿ, ಹಿಂದೆ ಮಸುಕು ದೀಪ, ನಾಲ್ಕು ಬಣ್ಣದ ಚೌಕಟ್ಟು ಯಾವ ಲೇಖನಕ್ಕಾದರೂ ಹಾಕಬಹುದಾದವು. ಆದ್ದರಿಂದಲೇ ಅವು ಯಾವ ಲೇಖನಕ್ಕೂ ಸೇರಿದವಲ್ಲ.

ಒಂದು ವರ್ಷ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ನೆನಪಿನ ಲೇಖನ ಬಂದಿತ್ತು. ಮೊದಲು ಪುಟವನ್ನು ಕಪ್ಪುಹಲಗೆಯ ಹಾಗೆ ಮಾಡಿ ಸೀಮೆಸುಣ್ಣದ ಅಕ್ಷರ ಹಾಕೋಣ ಅನ್ನಿಸಿತು. ಓದಿದಾಗ ಲೇಖನದ ಜೀವ ಹೊತ್ತಿನಲ್ಲಿದೆ ಎಂದು ತಿಳಿಯಿತು. ಬರಹವನ್ನು ಎಂದಿನಂತೆ ಎರಡು ಕಾಲಂನಲ್ಲೇ ಇಟ್ಟೆ. ಹೊರ ಅಂಚನ್ನು ಮಾತ್ರ ಅಗಲ ಮಾಡಿ, ಅಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣದಾಗಿ ಹೊತ್ತುಗಳನ್ನು ಬರೆದೆ: ಬೆಳಿಗ್ಗೆ 5, ಒಲೆ ಹಚ್ಚುವುದು. ಮಧ್ಯಾಹ್ನ 3, ಲೋಟ ತೊಳೆಯುವುದು. ಸಂಜೆ 7, ಪಾಠ. ರಾತ್ರಿ 10, ಮತ್ತೆ ಹೋಟೆಲಿಗೆ. ಪಾಠದ ಸಾಲಿಗೆ ಮಾತ್ರ ಬಣ್ಣ ಕೊಟ್ಟಿದ್ದೆ. ಉಳಿದ ಪುಟಗಳು ಶಿಸ್ತಾಗಿದ್ದುದರಿಂದಲೇ ಈ ಒಂದು ಅಂಚು ಕಣ್ಣಿಗೆ ಬಿತ್ತು.

ಜಾಹೀರಾತಿನ ಬಗ್ಗೆ ಎರಡು ಮಾತು. ಸಂಚಿಕೆಯ ಖರ್ಚು ಅದರಿಂದಲೇ ಹೊರಡುತ್ತದೆ, ಗೌರವದಿಂದ ಕಾಣಿ. ಪೂರ್ಣ, ಅರ್ಧ, ಕಾಲು ಪುಟದ ಅಳತೆಗಳನ್ನು ಮೊದಲೇ ಬರೆದು ಕಳುಹಿಸಿ. ಆದರೆ ಕವಿತೆಯ ನಡುವೆ ಮಾತ್ರ ಜಾಹೀರಾತು ತುರುಕಬೇಡಿ.

ಪ್ರೆಸ್ಸಿಗೆ ಹೋಗುವ ಮುನ್ನ

ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಂಚಿನವರೆಗೆ ಹೋಗುವ ಬಣ್ಣಕ್ಕೆ ಸುತ್ತ 3 ಮಿ.ಮೀ. ಹೆಚ್ಚು ಬಿಡಿ, ಕಟಿಂಗ್‌ನಲ್ಲಿ ಅದು ಹೋಗುತ್ತದೆ. ಬರಹದ ಕಪ್ಪು ಬರೀ ಕಪ್ಪು ಶಾಯಿಯದೇ ಆಗಿರಲಿ, ನಾಲ್ಕು ಬಣ್ಣ ಬೆರೆತದ್ದಲ್ಲ. ನಾನೊಮ್ಮೆ ಗಾಢ ಬಣ್ಣದ ಚಿತ್ರದ ಮೇಲೆ 9 ಪಾಯಿಂಟಿನ ಬಿಳಿ ಅಕ್ಷರದಲ್ಲಿ ಕವಿತೆ ಹಾಕಿದ್ದೆ. ಪರದೆಯ ಮೇಲೆ ಚೆಂದವಿತ್ತು. ಅಚ್ಚಾಗಿ ಬಂದಾಗ ನಾಲ್ಕು ಬಣ್ಣ ಒಂದಕ್ಕೊಂದು ಕೂಡದೆ ಒತ್ತುಗಳೆಲ್ಲ ಶಾಯಿಯಲ್ಲಿ ಮುಳುಗಿದ್ದವು. ಕವಿತೆ ಬರೆದ ಹೆಣ್ಣುಮಗಳಿಗೆ ಅದು ಮೊದಲ ಪ್ರಕಟಣೆ. ಆ ಪುಟ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಕೊನೆಗೆ ಎಲ್ಲ ಪುಟಗಳನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆದು, ಸಮಿತಿಯಲ್ಲಿಲ್ಲದ ಹಿರಿಯರೊಬ್ಬರ ಕೈಗೆ ಕೊಡಿ. ಪಕ್ಕದಲ್ಲಿ ಸುಮ್ಮನೆ ಕೂತು, ಅವರ ಕಣ್ಣು ಎಲ್ಲಿ ನಿಲ್ಲುತ್ತದೆ, ಕನ್ನಡಕ ಎಲ್ಲಿ ಮೇಲೇರುತ್ತದೆ ಎಂದು ನೋಡಿ. ರಾತ್ರಿ ಶಾಲೆಯ ಪುಟವನ್ನು ನಾನು ತೋರಿಸಿದ್ದು ಹಾಗೆ ದುಡಿದು ಕಲಿತ ಒಬ್ಬರಿಗೇ. ಅಂಚಿನ ಹೊತ್ತುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದುತ್ತ ಬಂದವರು ಕೊನೆಯ ಸಾಲಿನಲ್ಲಿ ನಿಂತರು. "ಹತ್ತಕ್ಕೆ ಮುಗೀತಿರಲಿಲ್ಲ ತಮ್ಮಾ. ಹೋಟೆಲ್ ನೆಲ ಒರೆಸಿ ಮಲಗೋವಾಗ ಹನ್ನೆರಡು" ಎಂದರು. ಅಂಚಿನಲ್ಲಿ ಇನ್ನೊಂದು ಸಾಲಿಗೆ ಜಾಗವಿತ್ತು, ಸೇರಿಸಿದೆ.