ಚೀಲ ಬದಲಿಸಿದರೆ ಸಾಲದು, ಪ್ರಾಪ್ ಬಿಚ್ಚುವ ದಿನವನ್ನೂ ಬದಲಿಸಿ

ನಾನು ಇಂಡಿ ಕಡೆಯವನು. ಪುಣೆಯ ವಾರ್ಜೆಯಲ್ಲಿ ಸಣ್ಣ ಮನೆಗಳ ಗುತ್ತಿಗೆ ಮಾಡುತ್ತೇನೆ. ಊರಿಂದ ಹೊಸದಾಗಿ ಬಂದ ಗೌಂಡಿಗಳು ಕೇಳುವುದು ಒಂದೇ: "ಅಣ್ಣಾರ, 53 ಗ್ರೇಡ್ ಬಿಟ್ಟು ಈ ಬೂದಿ ಸಿಮೆಂಟ್ ಯಾಕ ತರಸ್ತೀರಿ?" ಉತ್ತರ: ಕಾರ್ಬನ್ ಕಡಿಮೆ ಮಾಡುವುದಕ್ಕೆ. ಆದರೆ ಇದನ್ನು ತಂದರೆ ಸ್ಲ್ಯಾಬಿನ ಪ್ರಾಪ್, ಅಂದರೆ ಕೆಳಗೆ ಕೊಟ್ಟ ಆಸರೆ ಕಂಬ, ತಡವಾಗಿ ಬಿಚ್ಚಬೇಕು.

ಸಿಮೆಂಟಿನ ಕಾರ್ಬನ್ ಬರೀ ಕಲ್ಲಿದ್ದಲಿನಿಂದ ಬರುವುದಲ್ಲ. ಸುಣ್ಣದ ಕಲ್ಲನ್ನು 1450 ಡಿಗ್ರಿಗೆ ಕಾಯಿಸಿ ಕ್ಲಿಂಕರ್ (ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆ) ಮಾಡುವಾಗ ಕಲ್ಲಿನಿಂದಲೇ ಕಾರ್ಬನ್ ಡೈ ಆಕ್ಸೈಡ್ ಬಿಡುಗಡೆಯಾಗುತ್ತದೆ. ಉರುವಲು ಬದಲಿಸಿದರೂ ಅದು ತಪ್ಪುವುದಿಲ್ಲ. ಕ್ಲಿಂಕರ್ ಕಡಿಮೆ ಮಾಡಬೇಕು, ಅಷ್ಟೇ.

ಅಂಗಡಿಯವನ ಮಾತಿಗಿಂತ ಚೀಲದ ಮೇಲಿನ ನಂಬರ್ ನಂಬಿ. ಐಎಸ್ ಅಂದರೆ ಭಾರತೀಯ ಮಾನಕ. ಐಎಸ್ 269 ಅಂದರೆ ಓಪಿಸಿ, ಅಂದರೆ ಮಾಮೂಲಿ ಸಿಮೆಂಟ್; 53 ಗ್ರೇಡ್ ಇದರಲ್ಲೇ ಬರುತ್ತದೆ. ಐಎಸ್ 1489 ಭಾಗ 1 ಅಂದರೆ ಪಿಪಿಸಿ, ಅಂದರೆ ಬೂದಿ ಸಿಮೆಂಟ್; ಅದರಲ್ಲಿ ಶೇ 15ರಿಂದ 35 ಹಾರುಬೂದಿ (ಕಲ್ಲಿದ್ದಲು ಸುಟ್ಟ ನುಣ್ಣನೆ ಬೂದಿ). ಐಎಸ್ 455 ಅಂದರೆ ಸ್ಲ್ಯಾಗ್ ಸಿಮೆಂಟ್. ಅದರಲ್ಲಿ ಸ್ಲ್ಯಾಗ್, ಅಂದರೆ ಕಬ್ಬಿಣ ಕರಗಿಸುವ ಕುಲುಮೆಯ ಕಿಟ್ಟ, ಶೇ 25ರಿಂದ 70. ಸುಟ್ಟ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ ಸೇರಿಸಿದ ಎಲ್‌ಸಿ3 ಸಿಮೆಂಟಿಗೂ 2023ರಲ್ಲಿ ಐಎಸ್ 18189 ಬಂದಿದೆ. ಆ ಮಣ್ಣಿಗೆ 800 ಡಿಗ್ರಿ ಆಸುಪಾಸಿನ ಕಾವು ಸಾಕು.

ಪಿಪಿಸಿ ತಂದ ಮೇಲೆ ಸೈಟಿನಲ್ಲಿ ಮತ್ತೆ ಬೂದಿ ಬೆರೆಸಬೇಡಿ. ಅದು ಉಳಿತಾಯ ಅಲ್ಲ, ಕಳ್ಳತನ.

ಆರ್‌ಎಂಸಿ (ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ಬರುವ ಕಾಂಕ್ರೀಟ್) ತರಿಸುವುದಾದರೆ ಯಾವುದು ಎಷ್ಟು ಬೆರೆಸಿದ್ದಾರೆ ಅನ್ನುವ ಬ್ಯಾಚ್ ಚೀಟಿ ಕೇಳಿ. 850 ಚದರ ಅಡಿ, 5 ಇಂಚಿನ ಸ್ಲ್ಯಾಬಿಗೆ ಸುಮಾರು 10 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 340 ಕಿಲೋ ಓಪಿಸಿ ಇದ್ದು, ಅದರಲ್ಲಿ ಅರ್ಧದ ಬದಲು ಸ್ಲ್ಯಾಗ್ ಪುಡಿ ಹಾಕಿದರೆ ಆ ಒಂದು ಸ್ಲ್ಯಾಬಿನಲ್ಲೇ ಒಂದು ಟನ್ನಿಗಿಂತ ಜಾಸ್ತಿ ಕಾರ್ಬನ್ ಡೈ ಆಕ್ಸೈಡ್ ತಪ್ಪುತ್ತದೆ. ಎಷ್ಟು ಬದಲಿಸಬಹುದು ಅನ್ನುವುದನ್ನು ಮಾತ್ರ ಎಂಜಿನಿಯರ್ ಹೇಳಲಿ.

ಇನ್ನು ನಾನು ಪೆಟ್ಟು ತಿಂದ ಜಾಗ. ಒಂದು ಜನವರಿಯಲ್ಲಿ, ರಾತ್ರಿ 10 ಡಿಗ್ರಿ ಚಳಿಯಲ್ಲಿ, ಸ್ಲ್ಯಾಗ್ ಸಿಮೆಂಟಿನ ಸ್ಲ್ಯಾಬ್ ಹಾಕಿದ್ದೆ. ನಾಲ್ಕು ಮೀಟರ್ ಕೋಣೆ. ಓಪಿಸಿ ಅಭ್ಯಾಸದಂತೆ ಎಂಟನೇ ದಿನ ಪ್ರಾಪ್ ಬಿಚ್ಚಿಸಿದೆ. ಕೆಳಗೆ ನಟ್ಟನಡುವೆ ಕೂದಲೆಳೆಯಂಥ ಬಿರುಕು. ಮತ್ತೆ ಪ್ರಾಪ್ ಕೊಟ್ಟು, ಎಂಜಿನಿಯರನ್ನು ಕರೆಸಿ, ಬೈಸಿಕೊಂಡೆ. ಕಾಂಕ್ರೀಟ್ ಕೆಲಸದ ನಿಯಮವಾದ ಐಎಸ್ 456ರಲ್ಲಿ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಹೇಳಿರುವ 7 ದಿನ ಇದೆಯಲ್ಲ, ಅದು ಓಪಿಸಿಗೆ, ಅದೂ ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ. ಬೂದಿ, ಸ್ಲ್ಯಾಗ್ ಸೇರಿದ ಬೆರಕೆ ಸಿಮೆಂಟ್ ನಿಧಾನಕ್ಕೆ ಬಲ ಹಿಡಿಯುತ್ತದೆ. ಚಳಿಯಲ್ಲಿ ಇನ್ನೂ ನಿಧಾನ. ಈಗ ಚಳಿಗಾಲದಲ್ಲಿ ನಾನು 14 ದಿನ ಮುಟ್ಟುವುದೇ ಇಲ್ಲ. ಸ್ಲ್ಯಾಬಿನ ಪಕ್ಕದಲ್ಲೇ, ಅದೇ ಚಳಿ, ಅದೇ ನೀರಿನಲ್ಲಿ ಅದೇ ಕಾಂಕ್ರೀಟಿನ ಮೂರು ಕ್ಯೂಬ್ (ಪರೀಕ್ಷೆಯ ಗಟ್ಟಿ) ಇಟ್ಟಿರುತ್ತೇನೆ. ಅವನ್ನು ಲ್ಯಾಬಿನಲ್ಲಿ ಒಡೆಸಿ ಬಲ ನೋಡಿ, ಎಂಜಿನಿಯರ್ ಹೂಂ ಅಂದ ಮೇಲೆಯೇ ಬಿಚ್ಚುವುದು.

ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿ ಇಡುವುದು, ಕೂಡ ಜಾಸ್ತಿ ಬೇಕು. ಓಪಿಸಿಗೆ ಕನಿಷ್ಠ 7 ದಿನ, ಬೆರಕೆ ಸಿಮೆಂಟಿಗೆ 10. ಒಣ ಬಿಸಿಲಿನ ಏಪ್ರಿಲ್‌ನಲ್ಲಿ 14. ಸ್ಲ್ಯಾಬಿನ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ. ಕಾಲಮ್ಮಿಗೆ ಗೋಣಿತಾಟು ಸುತ್ತಿ. ಬೆಳಿಗ್ಗೆ ಸುಮ್ನೆ ಪೈಪ್ ಹಿಡಿದು ಹೋದರೆ ಮಧ್ಯಾಹ್ನಕ್ಕೆ ಗೋಣಿ ಒಣಗಿರುತ್ತದೆ.

ಸ್ಲ್ಯಾಗ್ ಕಾಂಕ್ರೀಟಿನ ಸೆಂಟ್ರಿಂಗ್ (ಅಚ್ಚಿನ ಪ್ಲೇಟು) ಬಿಚ್ಚಿದಾಗ ಕೆಲವೊಮ್ಮೆ ನೀಲಿ-ಹಸಿರು ಬಣ್ಣ ಕಾಣುತ್ತದೆ. ಮನೆಯವರು ಪಾಚಿ ಅಂತ ಗಾಬರಿಯಾಗುತ್ತಾರೆ. ಗಾಳಿ ತಗುಲಿದರೆ ಹೋಗುತ್ತದೆ.

ಪ್ರಾಪ್, ಪ್ಲೇಟಿನ ಬಾಡಿಗೆ ಒಂದು ವಾರ ಜಾಸ್ತಿ ಬೀಳುತ್ತದೆ. ಅದನ್ನು ಕೊಟೇಶನ್ನಿನಲ್ಲೇ ಬರೆದುಬಿಡಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.